ದುಡಿಯುವವರ ಕುತ್ತಿಗೆಗೆ ವ್ಯಾಯಾಮವೇಕೆ?

ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗಳ ಕಡೆಗೆ ಹಳಿ ಕವಲೊಡೆಯುವುದು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ. ಜಂಕ್ಷನ್ ಎಂಬ ಹೆಸರಿನಿಂದಲೇ ಹೊರಗಿನವರಿಗೆ ಪರಿಚಿತವಾದ ಈ ಊರಿನ ಸುತ್ತಮುತ್ತ, ಕೊಳವೆಬಾವಿಯ ನೀರನ್ನು ನಂಬಿದ ಅಡಿಕೆ ತೋಟಗಳೂ ಮಳೆಯನ್ನೇ ನಂಬಿದ ಮೆಕ್ಕೆಜೋಳ ರಾಗಿಗಳ ಹೊಲಗಳೂ ಒಂದರ ಮಗ್ಗುಲಲ್ಲೊಂದು ಹಬ್ಬಿರುವುದರಿಂದ, ಇಲ್ಲಿಯ ಜನರ ಕುತ್ತಿಗೆ ವರ್ಷದ ಒಂದು ಕಾಲದಲ್ಲಿ ಮೇಲಕ್ಕೆ ನೋಡಿಯೂ, ಇನ್ನೊಂದು ಕಾಲದಲ್ಲಿ ಕೆಳಕ್ಕೆ ಬಾಗಿಯೂ, ಮತ್ತೊಂದು ಕಾಲದಲ್ಲಿ ಹುಲ್ಲಿನ ಹೊರೆಯನ್ನೋ ನೀರಿನ ಕೊಡವನ್ನೋ ಹೊತ್ತೂ ದುಡಿಯಬೇಕಾಗುತ್ತದೆ. ಕುತ್ತಿಗೆನೋವನ್ನು ಕಂಪ್ಯೂಟರಿನ ಮುಂದೆ ಕುಳಿತ ಪಟ್ಟಣಿಗರ ವ್ಯಾಧಿಯೆಂದು ಬಣ್ಣಿಸುವುದು ಇತ್ತೀಚೆಗೆ ವಾಡಿಕೆಯಾಗಿದ್ದರೂ, ಕಂಪ್ಯೂಟರನ್ನು ಕಂಡರಿಯದ ಮನೆಗಳಲ್ಲಿಯೂ ‘ಕುತ್ತಿಗೆ ಹಿಡ್ಕಂಡೈತೆ’ ಎಂಬ ಮಾತು ಕೇಳಿಬರುವುದು ತೀರ ಸಾಮಾನ್ಯ.

ಅಡಿಕೆಯ ಗೊನೆ ಇಳಿಸುವುದಕ್ಕೆ ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತುತ್ತಿದ್ದವರು ವಿರಳರಾಗಿ, ಅವರ ಸ್ಥಾನದಲ್ಲಿ ಈಗ ನೆಲದ ಮೇಲೆಯೇ ನಿಂತು ಕಾರ್ಬನ್ ಫೈಬರಿನ ಉದ್ದನೆಯ ದೋಟಿಯಿಂದ ಗೊನೆಯನ್ನು ಕೊಯ್ದು ಕೆಡಹುವವರು ಬಂದಿದ್ದಾರೆ. ಮರದಿಂದ ಬಿದ್ದು ಪ್ರಾಣ ಕಳೆದುಕೊಳ್ಳುವ ಭಯವನ್ನು ತಪ್ಪಿಸಿದ ಈ ಸಾಧನ ನಿಸ್ಸಂದೇಹವಾಗಿ ಉಪಕಾರಿಯಾದುದೇ. ಆದರೆ ತೋಳುಗಳೆರಡನ್ನೂ ಎತ್ತಿ, ಗದ್ದವನ್ನು ಆಕಾಶಕ್ಕೆ ಒಡ್ಡಿ, ಬಳುಕುವ ದೋಟಿಯ ತುದಿಯ ಕತ್ತಿಯನ್ನು ಗೊನೆಯ ಬುಡಕ್ಕೆ ಸಿಕ್ಕಿಸುವ ಕೆಲಸವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಮಾಡಿದವನ ಕತ್ತು, ಸಂಜೆ ಊಟಕ್ಕೆ ಕುಳಿತಾಗ ತಟ್ಟೆಯ ಕಡೆಗೆ ಬಾಗಲು ಒಪ್ಪುವುದಿಲ್ಲ. ಅದೇ ಗೊನೆ, ಫಸಲನ್ನು ಗುತ್ತಿಗೆ ಹಿಡಿದ ಖೇಣಿದಾರನ ಅಂಗಳಕ್ಕೆ ಬಂದುದೇ ತಡ, ಕೆಲಸದ ದಿಕ್ಕು ತಲೆಕೆಳಗಾಗುತ್ತದೆ. ಹಸಿ ಅಡಿಕೆಯನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲವಾದುದರಿಂದ, ಸುಲಿಯುವ ಯಂತ್ರ ಇನ್ನೂ ಬಾರದ ಕಡೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು, ಕಣ್ಣನ್ನು ಕತ್ತಿಯ ಅಲಗಿನಿಂದ ತೆಗೆಯದೆ, ರಾತ್ರಿ ದೀಪದ ಬೆಳಕಿನಲ್ಲಿಯೂ ಸುಲಿಯುತ್ತಾರೆ. ಕಣ್ಣು ತಪ್ಪಿದರೆ ಬೆರಳಿಗೆ ಗಾಯವಾಗುವ ಕೆಲಸವಾದುದರಿಂದ ಅವರ ತಲೆ ಗಂಟೆಗಟ್ಟಲೆ ಒಂದೇ ಕೋನದಲ್ಲಿ ಬಾಗಿಯೇ ಇರುತ್ತದೆ.

ಇಂಥವರು ನೋವು ತಾಳಲಾರದೆ ಚಿತ್ರದುರ್ಗಕ್ಕೋ ದಾವಣಗೆರೆಗೋ ರೈಲು ಹತ್ತಿ ಹೋಗಿ ವೈದ್ಯರನ್ನು ಕಂಡು, ಅವರು ಫಿಸಿಯೊಥೆರಪಿಸ್ಟರ ಬಳಿಗೆ ಕಳುಹಿಸಿ, ಆ ಚಿಕಿತ್ಸಕರು ದಿನವೂ ಇಷ್ಟಿಷ್ಟು ವ್ಯಾಯಾಮ ಮಾಡತಕ್ಕದ್ದೆಂದು ವಿಧಿಸಿದಾಗ, ಅವರ ಬಾಯಿಂದ ಹೊರಡುವ ಮೊದಲ ಪ್ರಶ್ನೆ ಸಹಜವಾದುದೂ ನ್ಯಾಯವಾದುದೂ ಆಗಿದೆ: ದಿನವಿಡೀ ಮೈಮುರಿದು ದುಡಿಯುವ ನಮಗೆ ವ್ಯಾಯಾಮವೇಕೆ? ಕುತ್ತಿಗೆನೋವಿನ ಚಿಕಿತ್ಸೆಯ ತಿರುಳೆಲ್ಲ ಈ ಒಂದು ಪ್ರಶ್ನೆಯ ಉತ್ತರದಲ್ಲಿದೆ. ಆ ಉತ್ತರವನ್ನು ಅರಿಯಬೇಕಾದರೆ ಕುತ್ತಿಗೆಯ ರಚನೆಯನ್ನು ಕಿಂಚಿತ್ತಾದರೂ ತಿಳಿಯುವುದು ಅವಶ್ಯಕ.

ಏಳು ಕಶೇರುಗಳ ಕಂಬ

ನಾಲ್ಕೂವರೆಯಿಂದ ಐದು ಕಿಲೋಗ್ರಾಂ ತೂಗುವ ತಲೆಯನ್ನು ಹೊತ್ತಿರುವ ಕುತ್ತಿಗೆಯಲ್ಲಿರುವುದು ಏಳು ಕಶೇರುಗಳು ಮಾತ್ರ. ಮರದ ತುದಿಯ ಚಿಗುರನ್ನು ಮೇಯುವ ಜಿರಾಫೆಯ ಕೊರಳಿನಲ್ಲಿಯೂ ಅಷ್ಟೇ ಇವೆ. ಅವುಗಳಲ್ಲಿ ಮೇಲಿನ ಎರಡು, ವೈದ್ಯರು ಅಟ್ಲಾಸ್ ಮತ್ತು ಆಕ್ಸಿಸ್ ಎಂದು ಕರೆಯುವವು, ಮಿಕ್ಕವುಗಳಿಗಿಂತ ಭಿನ್ನವಾದ ಆಕಾರವುಳ್ಳವು. ತಲೆಯನ್ನು ಮೇಲೆ ಕೆಳಗೆ ಆಡಿಸುವ ಚಲನೆಯ ದೊಡ್ಡದೊಂದು ಪಾಲು ತಲೆಬುರುಡೆಗೂ ಅಟ್ಲಾಸಿಗೂ ನಡುವಿನ ಸಂಧಿಯಲ್ಲಿ ಜರುಗಿದರೆ, ಒಲ್ಲೆನೆಂದು ಅತ್ತಿತ್ತ ತಿರುಗಿಸುವ ಚಲನೆಯ ಸುಮಾರು ಅರ್ಧಪಾಲು ಅಟ್ಲಾಸ್ ಆಕ್ಸಿಸ್‌ಗಳ ನಡುವೆಯೇ ನಡೆಯುತ್ತದೆ. ನಮ್ಮವರು ಹೂಂಗುಟ್ಟುತ್ತ ತಲೆಯನ್ನು ಪಕ್ಕಕ್ಕೆ ಓಲಾಡಿಸುವರಲ್ಲ, ಅದಕ್ಕೆ ಕೆಳಗಿನ ಸಂಧಿಗಳ ಸಹಕಾರವೂ ಬೇಕು. ಎರಡನೆಯ ಕಶೇರುವಿನಿಂದ ಕೆಳಕ್ಕೆ ಒಂದೊಂದು ಜೋಡಿಯ ನಡುವೆಯೂ ಡಿಸ್ಕ್ ಎಂದು ಎಲ್ಲರೂ ಕರೆಯುವ ಮೆತ್ತನೆಯ ಬಿಲ್ಲೆಗಳಿವೆ. ಹಿಂಬದಿಯ ಎರಡು ಪಕ್ಕಗಳಲ್ಲಿ ಸಣ್ಣ ಸಣ್ಣ ಸಂಧಿಗಳಿವೆ. ನಡುವಿನ ನಾಳದಲ್ಲಿ ಮಿದುಳುಬಳ್ಳಿ ಇಳಿದುಬರುತ್ತದೆ. ಎಂಟು ಜೊತೆ ನರಗಳು ಹೊರಟು ಹೆಗಲು, ತೋಳು, ಬೆರಳುಗಳಿಗೆ ಹಂಚಿಹೋಗುತ್ತವೆ. ಕಶೇರುಗಳ ಪಕ್ಕದ ರಂಧ್ರಗಳ ಮೂಲಕ ಮಿದುಳಿಗೆ ರಕ್ತವನ್ನೊಯ್ಯುವ ಎರಡು ಧಮನಿಗಳು ಏರಿಹೋಗುತ್ತವೆ. ಇಷ್ಟು ಅಮೂಲ್ಯವಾದ ಸಾಮಗ್ರಿಯನ್ನು ಒಳಗಿಟ್ಟುಕೊಂಡೂ ದೇಹದಲ್ಲಿ ಅತ್ಯಂತ ಸ್ವಚ್ಛಂದವಾಗಿ ಚಲಿಸುವ ಕಂಬವಿದು. ಇದರ ಸಾಮರ್ಥ್ಯವೂ ಕಷ್ಟವೂ ಈ ಚಲನಶೀಲತೆಯಲ್ಲಿಯೇ ಇದೆ.

ಈ ಕಂಬವನ್ನು ಹಿಡಿದಿರುವ ಸ್ನಾಯುಗಳಲ್ಲಿ ಎರಡು ತಂಡಗಳಿರುವುದನ್ನು ಇಲ್ಲಿ ಗಮನಿಸಬೇಕು. ಹೊರಗಿನಿಂದ ಕೈಗೆ ಸಿಗುವ ದಪ್ಪ ಸ್ನಾಯುಗಳು, ಅಂದರೆ ಕಿವಿಯ ಹಿಂದಿನಿಂದ ಎದೆಯೆಲುಬಿಗೆ ಓರೆಯಾಗಿ ಇಳಿಯುವ ಹುರಿಯೂ, ಕತ್ತಿನಿಂದ ಹೆಗಲಿಗೆ ಹರಡಿರುವ ಟ್ರಪೀಸಿಯಸ್ಸೂ, ಭಾರ ಎತ್ತುವುದಕ್ಕೆ, ಜಗ್ಗುವುದಕ್ಕೆ, ತಲೆಯನ್ನು ರಭಸದಿಂದ ತಿರುಗಿಸುವುದಕ್ಕೆ ಒದಗುವಂಥವು. ಅವುಗಳ ಒಳಗೆ, ಗಂಟಲಿನ ಹಿಂಬದಿಯಲ್ಲಿ ಕಶೇರುಗಳಿಗೆ ಅಂಟಿಕೊಂಡೇ ಇರುವ ಪುಟ್ಟ ಸ್ನಾಯುಗಳ ಕೆಲಸ ಒಂದು ಕಶೇರುವನ್ನು ಮತ್ತೊಂದರ ಮೇಲೆ ನೆಟ್ಟಗೆ ನಿಲ್ಲಿಸಿ ಇಡೀ ದಿನ ಸದ್ದಿಲ್ಲದೆ ಕಾಯುವುದು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಗ್ವೆಂಡೊಲೆನ್ ಜಲ್ ಎಂಬ ಫಿಸಿಯೊಥೆರಪಿ ವಿದುಷಿಯೂ ಅವರ ಸಹೋದ್ಯೋಗಿಗಳೂ ನಡೆಸಿದ ದೀರ್ಘ ಸಂಶೋಧನೆಯಿಂದ ಸ್ಪಷ್ಟವಾದ ಸಂಗತಿಯೆಂದರೆ, ಕುತ್ತಿಗೆನೋವಿರುವ ಅನೇಕರಲ್ಲಿ ಈ ಒಳಸ್ನಾಯುಗಳು ತಮ್ಮ ಕೆಲಸದಲ್ಲಿ ಹಿಂದೆಬೀಳುತ್ತವೆ, ಅವುಗಳ ಭಾಗವನ್ನು ಹೊರಸ್ನಾಯುಗಳು ಹೊತ್ತುಕೊಳ್ಳುತ್ತವೆ. ಒಕ್ಕಲುಮನೆಯಲ್ಲಿ ಒಳಗೆಲಸದವರು ಕೈಬಿಟ್ಟಾಗ ಹೊಲದ ಆಳುಗಳನ್ನೇ ಅಡಿಗೆಗೂ ಹಚ್ಚಿದರೆ ಆಗುವ ಅವಸ್ಥೆಯೇ ಇಲ್ಲಿಯೂ ಆಗುತ್ತದೆ. ಅಡಿಗೆಯೂ ಕೆಡುತ್ತದೆ, ಆಳುಗಳೂ ಬಳಲುತ್ತಾರೆ.

ಮೊದಲಿನ ಪ್ರಶ್ನೆಗೆ ಉತ್ತರ ಇಲ್ಲಿ ದೊರೆಯಿತು. ದೋಟಿ ಹಿಡಿಯುವುದಾಗಲಿ, ಅಡಿಕೆ ಸುಲಿಯುವುದಾಗಲಿ, ಹೊರೆ ಹೊರುವುದಾಗಲಿ ಆಯಾ ಕೆಲಸಕ್ಕೆ ಬೇಕಾದ ಸ್ನಾಯುಗಳನ್ನು ಮಾತ್ರ, ಒಂದೇ ಭಂಗಿಯಲ್ಲಿ, ಅವು ದಣಿದ ಮೇಲೆಯೂ ಬಿಡದೆ ದುಡಿಸುತ್ತದೆ. ವ್ಯಾಯಾಮವಾದರೋ ಹಿಂದೆಬಿದ್ದ ಸ್ನಾಯುವನ್ನು ಹುಡುಕಿ, ಅದು ತಾಳುವಷ್ಟೇ ಭಾರವನ್ನು ಕೊಟ್ಟು, ವಿಶ್ರಾಂತಿಯನ್ನೂ ಕೊಟ್ಟು, ಕ್ರಮಕ್ರಮವಾಗಿ ಬಲಪಡಿಸುತ್ತದೆ. ದುಡಿಮೆ ಬಲವನ್ನು ವೆಚ್ಚಮಾಡುತ್ತದೆ, ವ್ಯಾಯಾಮ ಅದನ್ನು ಕೂಡಿಡುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು.

ಬಾಗಿದ ತಲೆಯ ಭಾರ

ತಲೆ ಮುಂದಕ್ಕೆ ಬಾಗಿದಷ್ಟೂ ಅದನ್ನು ಹಿಂದಿನಿಂದ ಹಿಡಿದು ನಿಲ್ಲಿಸುವ ಸ್ನಾಯುಗಳ ಮೇಲೆ ಎಳೆತ ಹೆಚ್ಚುತ್ತದೆ. ಅಮೆರಿಕದ ಬೆನ್ನೆಲುಬಿನ ಶಸ್ತ್ರವೈದ್ಯ ಕೆನೆತ್ ಹಂಸರಾಜ್ 2014ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ, ತಲೆಯನ್ನು 15 ಡಿಗ್ರಿ ಬಾಗಿಸಿದಾಗ ಕುತ್ತಿಗೆಯ ಮೇಲೆ ಬೀಳುವ ಬಲ ಸುಮಾರು 12 ಕಿಲೋಗ್ರಾಂ, 60 ಡಿಗ್ರಿ ಬಾಗಿಸಿದಾಗ ಸುಮಾರು 27 ಕಿಲೋಗ್ರಾಂ. ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸಿಗೂ, ಸ್ಟೇಷನ್ನಿನ ಬೆಂಚಿನಲ್ಲಿ ರೈಲಿಗೆ ಕಾಯುತ್ತ ಮೊಬೈಲಿನಲ್ಲಿ ಮುಳುಗಿದ ಕಾಲೇಜು ಹುಡುಗನಿಗೂ ಈ ಲೆಕ್ಕ ಸಮಾನವಾಗಿ ಅನ್ವಯಿಸುತ್ತದೆ. ಆದರೆ ಇದು ಗಣಿತದ ಮಾದರಿಯಿಂದ ಬಂದ ಅಂಕಿಯೇ ವಿನಾ ನೋವಿನ ಅಳತೆಯಲ್ಲ. ಬಾಗುವುದಕ್ಕಾಗಿಯೇ ನಿರ್ಮಿತವಾದ ಕುತ್ತಿಗೆ ಬಾಗಿದ ಮಾತ್ರಕ್ಕೆ ಕೆಡುವುದಿಲ್ಲ. ಬಾಗಿದಲ್ಲಿಯೇ ನಿಂತುಬಿಡುವುದು, ಅದನ್ನು ತಾಳುವ ಬಲವಿಲ್ಲದಿರುವುದು, ಇವುಗಳೊಡನೆ ನಿದ್ರೆಗೆಡುವುದು, ಸಾಲದ ಚಿಂತೆ, ಮನಸ್ಸಿನ ಬಿಗುವು ಸೇರುವುದು, ಇವೆಲ್ಲ ಕೂಡಿ ನೋವನ್ನು ಹುಟ್ಟಿಸುತ್ತವೆ, ಹುಟ್ಟಿದ ನೋವನ್ನು ಉಳಿಸುತ್ತವೆ. ಜಗತ್ತಿನಲ್ಲಿ 2020ರಲ್ಲಿ 20 ಕೋಟಿಗೂ ಹೆಚ್ಚು ಜನರಿಗೆ ಕುತ್ತಿಗೆನೋವಿತ್ತೆಂದೂ, ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚೆಂದೂ ಜಾಗತಿಕ ಅಂದಾಜುಗಳು ಹೇಳುತ್ತವೆ.

ನೋವಿನ ಬಗೆಗಳನ್ನು ವಿಂಗಡಿಸಿ ನೋಡುವುದು ಒಳಿತು. ಬೆಳಗ್ಗೆ ಎದ್ದಾಗ ಕತ್ತು ಒಂದು ಪಕ್ಕಕ್ಕೆ ತಿರುಗದಂತೆ ಹಿಡಿದುಕೊಳ್ಳುವುದು ಭಯಂಕರವಾಗಿ ಕಂಡರೂ ಪ್ರಾಯಶಃ ಒಂದೆರಡು ವಾರದೊಳಗೆ ತಾನಾಗಿ ಸಡಿಲುತ್ತದೆ. ಕುತ್ತಿಗೆಯ ಬುಡದಿಂದ ಹೆಗಲೆಲುಬಿನ ಮೂಲೆಯವರೆಗೆ ಮಂದವಾಗಿ ಕೊರೆಯುವ ನೋವು ಸ್ನಾಯು ಸಂಧಿಗಳಿಗೆ ಸಂಬಂಧಿಸಿದುದಾಗಿದ್ದು, ಎಲ್ಲಕ್ಕಿಂತ ಸಾಮಾನ್ಯವಾದುದು. ನೋವು ತೋಳಿಗಿಳಿದು ಬೆರಳುಗಳಲ್ಲಿ ಜೋಮು ಹಿಡಿದರೆ ನರದ ಬೇರಿಗೆ ತೊಂದರೆಯಾಗಿರಬಹುದು: ಹೆಬ್ಬೆರಳಿನ ಜೋಮು ಆರನೆಯ ನರವನ್ನೂ, ನಡುಬೆರಳಿನದು ಏಳನೆಯದನ್ನೂ, ಕಿರುಬೆರಳಿನದು ಎಂಟನೆಯದನ್ನೂ ಬಹುಮಟ್ಟಿಗೆ ತೋರಿಸುತ್ತದೆ. ಇಂಥ ನರಬಾಧೆಯುಳ್ಳವರಲ್ಲಿಯೂ ಬಹುಪಾಲು ಜನ ಶಸ್ತ್ರಕ್ರಿಯೆಯಿಲ್ಲದೆಯೇ ಕೆಲವು ತಿಂಗಳಲ್ಲಿ ಸುಧಾರಿಸುತ್ತಾರೆ.

ಸ್ಕ್ಯಾನಿನ ಕಾಗದ

ಆದರೆ ಅಷ್ಟರೊಳಗೆ ರೋಗಿಯ ಕೈಗೆ ಸ್ಕ್ಯಾನಿನ ವರದಿ ಬಂದಿರುತ್ತದೆ. ಡಿಸ್ಕ್ ಸವೆದಿದೆ, ಉಬ್ಬಿದೆ, ಮೂಳೆ ಬೆಳೆದಿದೆ ಎಂಬ ಸಾಲುಗಳನ್ನು ಓದಿದವನು ತನ್ನ ಕತ್ತು ಇನ್ನು ಯಾವ ಕೆಲಸಕ್ಕೂ ಬಾರದೆಂದು ನಿಶ್ಚಯಿಸಿ, ಚೀಲ ಎತ್ತುವುದನ್ನು ಬಿಟ್ಟು, ಪಟ್ಟಿಯೊಂದನ್ನು ಕೊರಳಿಗೆ ಬಿಗಿದು ಕುಳಿತುಬಿಡುವುದುಂಟು. ಜಪಾನಿನಲ್ಲಿ ಇಪ್ಪತ್ತರ ಹರೆಯದಿಂದ ಎಪ್ಪತ್ತರ ಹರೆಯದವರೆಗಿನ, ಕುತ್ತಿಗೆಯ ತೊಂದರೆಯೇ ಇಲ್ಲದ 1211 ಮಂದಿಯನ್ನು ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಪೈಕಿ ನೂರಕ್ಕೆ 87ಕ್ಕೂ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಂಡುಬಂದಿತು. ಆದುದರಿಂದ ಚಿತ್ರದಲ್ಲಿ ಕಂಡುದೆಲ್ಲ ನೋವಿನ ಕಾರಣವಲ್ಲ. ಸ್ಪಾಂಡಿಲೋಸಿಸ್ ಎಂಬ ಹೆಸರನ್ನು ಹೊತ್ತ ಬದಲಾವಣೆ ಬಹುಮಟ್ಟಿಗೆ ವಯಸ್ಸಿನ ಧರ್ಮ. ಪಟ್ಟಿಯನ್ನು ವಾರಗಟ್ಟಲೆ ಧರಿಸಿದರಂತೂ ಮೊದಲೇ ದುರ್ಬಲವಾದ ಒಳಸ್ನಾಯುಗಳಿಗೆ ಇದ್ದ ಅಲ್ಪಸ್ವಲ್ಪ ಕೆಲಸವೂ ತಪ್ಪಿ, ಅವು ಮತ್ತಷ್ಟು ಕೃಶವಾಗುತ್ತವೆ.

ಎಣ್ಣೆ, ನೆಟಿಕೆ, ಕರೆಂಟು

ಕುತ್ತಿಗೆಯ ನೋವನ್ನು ನಮ್ಮ ಪೂರ್ವಿಕರು ಅರಿಯದವರಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನ ವಾತವ್ಯಾಧಿಗಳ ಸಾಲಿನಲ್ಲಿ ಮನ್ಯಾಸ್ತಂಭವನ್ನು ಹೆಸರಿಸಿ, ಹಗಲುನಿದ್ರೆ, ಕ್ರಮತಪ್ಪಿದ ಕುಳಿತು ನಿಲ್ಲುವ ಭಂಗಿಗಳು, ಊರ್ಧ್ವನಿರೀಕ್ಷಣೆ, ಇವುಗಳನ್ನು ಅದಕ್ಕೆ ಕಾರಣಗಳೆಂದು ಹೇಳಿದೆ. ಮೇಲಕ್ಕೆ ನೋಡುತ್ತ ದೋಟಿ ಹಿಡಿಯುವವನನ್ನು ಕಂಡವರಿಗೆ ಆ ಪ್ರಾಚೀನ ವೈದ್ಯನ ಅವಲೋಕನದ ಸೂಕ್ಷ್ಮತೆ ಮನವರಿಕೆಯಾಗದಿರದು. ಹಳ್ಳಿಗಳಲ್ಲಿ ಬೆಚ್ಚನೆಯ ಎಣ್ಣೆ ನೀವುವುದೂ, ಬಿಸಿ ಶಾಖ ಕೊಡುವುದೂ, ಕಾಲು ಮುಂದಾಗಿ ಹುಟ್ಟಿದವರಿಂದ ಉಳುಕು ತೆಗೆಸುವುದೂ ಇಂದಿಗೂ ಉಳಿದಿವೆ. ಎಣ್ಣೆ ಶಾಖಗಳಿಂದ ಬಿಗಿದ ಸ್ನಾಯು ಕೆಲವು ಹೊತ್ತು ಸಡಿಲುವುದರಿಂದ ಅವನ್ನು ಬೇಡವೆನ್ನಲು ಕಾರಣವಿಲ್ಲ. ಆದರೆ ಕ್ಷೌರದ ಬಳಿಕ ಗದ್ದವನ್ನೂ ತಲೆಯನ್ನೂ ಹಿಡಿದು ಫಕ್ಕನೆ ತಿರುಗಿಸಿ ನೆಟಿಕೆ ತೆಗೆಸಿಕೊಳ್ಳುವ ಅಭ್ಯಾಸವನ್ನು ಮಾತ್ರ ಬಿಡುವುದೇ ಕ್ಷೇಮ. ಕಶೇರುಗಳ ರಂಧ್ರದಲ್ಲಿ ಸಾಗುವ ಧಮನಿಯ ಒಳಪದರ ಅಂಥ ರಭಸಕ್ಕೆ ಹರಿದು ಮಿದುಳಿಗೆ ರಕ್ತ ತಪ್ಪುವ ಸಂಭವ ವಿರಳವಾದರೂ, ಸಂಭವಿಸಿದಾಗ ಅದರ ಪರಿಣಾಮ ಜೀವಮಾನವಿಡೀ ಉಳಿಯುವ ಪಾರ್ಶ್ವವಾಯುವಾಗಬಹುದು.

ಫಿಸಿಯೊಥೆರಪಿ ನಮ್ಮ ದೇಶದಲ್ಲಿ ಬೇರೂರಿದುದು ಕುತ್ತಿಗೆನೋವಿನಿಂದಲ್ಲ, ಪೋಲಿಯೊ ಪಿಡುಗಿನಿಂದ. 1952ರಲ್ಲಿ ಮುಂಬಯಿಯಲ್ಲಿ ಆ ರೋಗ ಹಬ್ಬಿ ಮಕ್ಕಳ ಕೈಕಾಲುಗಳು ಸೋತಾಗ, ಮರುವರ್ಷ ಅಲ್ಲಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ವಿದ್ಯೆಯ ಶಾಲೆ ಆರಂಭವಾಯಿತು. 1955ರಲ್ಲಿ ಅಖಿಲ ಭಾರತ ಮಟ್ಟದ ಫಿಸಿಯೊಥೆರಪಿಸ್ಟರ ಸಂಘ ಸ್ಥಾಪನೆಯಾಯಿತು. ಇಂದು ಇದು ಹಲವು ವರ್ಷಗಳ ಪದವಿ ಶಿಕ್ಷಣ. 2021ರ ಕೇಂದ್ರ ಕಾಯಿದೆಯೊಂದು ಈ ವೃತ್ತಿಯನ್ನು ತನ್ನ ವ್ಯಾಪ್ತಿಗೆ ತಂದಿದೆ. ಆದರೂ ನಮ್ಮ ಕಡೆಯ ಜನರ ಬಾಯಲ್ಲಿ ಫಿಸಿಯೊಥೆರಪಿಯೆಂದರೆ ಕರೆಂಟು ಕೊಡುವುದು. ಮಂಚದ ಮೇಲೆ ಮಲಗಿಸಿ ಕತ್ತಿಗೆ ಪಟ್ಟಿ ಅಂಟಿಸಿ ಜುಮುಜುಮು ಎನಿಸುವ ಯಂತ್ರವೇ ನಿಜವಾದ ಚಿಕಿತ್ಸೆಯೆಂದೂ, ಆಮೇಲೆ ಹೇಳಿಕೊಡುವ ವ್ಯಾಯಾಮ ಬರಿಯ ಉಪಚಾರದ ಮಾತೆಂದೂ ತಿಳಿದು, ಹತ್ತು ದಿನ ಕರೆಂಟು ಹಿಡಿಸಿಕೊಂಡು ವ್ಯಾಯಾಮವನ್ನು ಮರೆತವರು, ನೋವು ಮರಳಿದಾಗ ಕರೆಂಟು ಹಿಡಿಯಲಿಲ್ಲವೆಂದು ದೂರುವುದುಂಟು. ವಾಸ್ತವದಲ್ಲಿ ಯಂತ್ರ ಕೆಲಕಾಲ ನೋವನ್ನು ಮರೆಸಬಹುದೇ ಹೊರತು ಸ್ನಾಯುವನ್ನು ಬಲಪಡಿಸಲಾರದು; ಕೈಯಿಂದ ಸಂಧಿಗಳನ್ನು ಮೆಲ್ಲಗೆ ಸಡಿಲಿಸುವ ಚಿಕಿತ್ಸೆಯಾದರೂ ವ್ಯಾಯಾಮದೊಡನೆ ಬೆರೆತಾಗಲೇ ಹೆಚ್ಚು ಫಲಕಾರಿ.

ಗದ್ದದ ಸಣ್ಣ ಚಲನೆ

ಆ ವ್ಯಾಯಾಮಗಳಲ್ಲಿ ಮೊದಲನೆಯದು ನೋಡುವವರಿಗೆ ವ್ಯಾಯಾಮವೆಂದೇ ತೋರದಷ್ಟು ಅಲ್ಪವಾದುದು. ರೋಗಿ ಅಂಗಾತ ಮಲಗಿ, ಮೊಣಕಾಲು ಮಡಿಸಿ, ತಲೆಯ ಕೆಳಗೆ ಮಡಚಿದ ಟವೆಲನ್ನು ಇಟ್ಟುಕೊಂಡು, ತಲೆಯನ್ನು ನೆಲದಿಂದ ಎತ್ತದೆ, ಹೂಂ ಎನ್ನುವಾಗ ಮಾಡುವಂತೆ ಗದ್ದವನ್ನು ಸ್ವಲ್ಪವೇ ಒಳಕ್ಕೆ ಜಾರಿಸಬೇಕು. ಆಗ ಬೆರಳುಗಳನ್ನು ಕತ್ತಿನ ಪಕ್ಕದ ದಪ್ಪ ಹುರಿಯ ಮೇಲಿಟ್ಟು ನೋಡಿದರೆ ಅದು ಮೆತ್ತಗಿರಬೇಕು; ಅದು ಸೆಟೆದೆದ್ದರೆ ಬಲಪ್ರಯೋಗ ಹೆಚ್ಚಾಯಿತೆಂದೂ, ಒಳಸ್ನಾಯುವಿನ ಕೆಲಸವನ್ನು ಹೊರಸ್ನಾಯು ಕಸಿದುಕೊಂಡಿತೆಂದೂ ತಿಳಿಯಬೇಕು. ಹಾಗೆ ಹತ್ತು ಸೆಕೆಂಡು ಹಿಡಿದು, ಬಿಟ್ಟು, ಹತ್ತು ಸಲ ಮಾಡುವುದು ಗುರಿ. ಮೊದಲ ದಿನಗಳಲ್ಲಿ ಮೂರು ನಾಲ್ಕು ಸೆಕೆಂಡಿಗೇ ಗದ್ದ ನಡುಗುವುದೂ, ಉಸಿರು ಕಟ್ಟುವುದೂ ಸಹಜ. ಎಪ್ಪತ್ತು ಕಿಲೋ ಮೂಟೆಯನ್ನು ನಿರಾಯಾಸವಾಗಿ ಹೊರುವ ಹಮಾಲಿಗೂ ಈ ಸಣ್ಣ ಚಲನೆ ಸೋಲುಣಿಸಬಲ್ಲದು. ಹಾಗೆ ಸೋತಾಗಲೇ ಅವನಿಗೆ ತನ್ನಲ್ಲಿ ಯಾವುದರ ಕೊರತೆಯಿದೆಯೆಂಬುದು ಮಾತಿನ ಸಹಾಯವಿಲ್ಲದೆ ತಿಳಿಯುತ್ತದೆ.

ಇದು ಕೈವಶವಾದ ಮೇಲೆ, ಹೆಗಲೆಲುಬುಗಳೆರಡನ್ನೂ ಹಿಂದಕ್ಕೆ ಕೆಳಕ್ಕೆ ಸೆಳೆದು ಹಿಡಿಯುವುದು, ಹಣೆಗೆ ಅಂಗೈಯನ್ನು ಒತ್ತಿ ತಲೆ ಅಲುಗದಂತೆ ತಡೆಯುವುದು, ಎರಡು ಪಕ್ಕಗಳಿಗೂ ನಿಧಾನವಾಗಿ ಕತ್ತು ತಿರುಗಿಸುವುದು ಒಂದೊಂದಾಗಿ ಸೇರುತ್ತವೆ. ಕೊನೆಗೆ ರಬ್ಬರ್ ಪಟ್ಟಿಯನ್ನು ಕಾಲಡಿಯಲ್ಲಿ ಮೆಟ್ಟಿ ತೋಳುಗಳನ್ನು ಪಕ್ಕಕ್ಕೆ ಎತ್ತುವ ಬಲಸಾಧನೆ. ಡೆನ್ಮಾರ್ಕಿನಲ್ಲಿ ಕುತ್ತಿಗೆ ಹೆಗಲುಗಳ ನೋವಿದ್ದ 198 ಕಚೇರಿ ನೌಕರರ ಮೇಲೆ ಹತ್ತು ವಾರ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಥ ಪಟ್ಟಿಯಿಂದ ದಿನಕ್ಕೆ ಕೇವಲ ಎರಡು ನಿಮಿಷ ವ್ಯಾಯಾಮ ಮಾಡಿದವರ ನೋವೂ ಗಮನಾರ್ಹವಾಗಿ ತಗ್ಗಿತು. ಬಿಡುವಿಲ್ಲವೆಂಬ ಮಾತು ಎರಡು ನಿಮಿಷಕ್ಕೆ ಅನ್ವಯಿಸದಷ್ಟೆ. ವ್ಯಾಯಾಮದ ವೇಳೆ ತುಸು ನೋವಾದರೆ ಹೆದರಬೇಕಾಗಿಲ್ಲ. ಆದರೆ ನೋವು ತೋಳಿನೊಳಗೆ ಮತ್ತಷ್ಟು ಕೆಳಕ್ಕಿಳಿದರೆ ನಿಲ್ಲಿಸಿ ಚಿಕಿತ್ಸಕರನ್ನು ಕೇಳತಕ್ಕದ್ದು.

ವ್ಯಾಯಾಮದ ಜೊತೆಗೆ ಕೆಲಸದ ಕ್ರಮವೂ ತುಸು ಬದಲಾಗಬೇಕು. ದೋಟಿ ಹಿಡಿಯುವವರು ಇಬ್ಬರಾಗಿದ್ದು ಕೆಲವು ಮರಗಳಿಗೊಮ್ಮೆ ಕೈಬದಲಾಯಿಸುವುದು, ಮರದ ಬುಡಕ್ಕೆ ಅಂಟಿ ನಿಲ್ಲದೆ ದೋಟಿಯ ಅಳತೆ ಬಿಟ್ಟಷ್ಟು ದೂರ ಸರಿದು ನಿಂತು ಕತ್ತಿನ ಕೋನವನ್ನು ತಗ್ಗಿಸುವುದು, ಸುಲಿಯುವವರು ಕತ್ತಿಯನ್ನು ಎತ್ತರಿಸಿಕೊಂಡು ಕುಳಿತು, ಒಂದು ಬುಟ್ಟಿ ತುಂಬಿದಾಗಲೆಲ್ಲ ಎದ್ದು ಅದನ್ನು ಸುರಿದುಬರುವುದು, ಇವು ಖರ್ಚಿಲ್ಲದ ಉಪಾಯಗಳು. ತಲೆದಿಂಬು ಕತ್ತನ್ನು ಮುಂದಕ್ಕೆ ನೂಕುವಷ್ಟು ದಪ್ಪವಾಗಿಯೂ, ಪಕ್ಕಕ್ಕೆ ಮಲಗಿದಾಗ ತಲೆ ಜೋತುಬೀಳುವಷ್ಟು ತೆಳುವಾಗಿಯೂ ಇರಬಾರದು.

ಕೆಲವು ಲಕ್ಷಣಗಳು ಕಂಡಾಗ ವ್ಯಾಯಾಮಕ್ಕೆ ಮೊದಲು ಆಸ್ಪತ್ರೆ. ಬಿದ್ದೋ ವಾಹನಕ್ಕೆ ಸಿಕ್ಕಿಯೋ ಪೆಟ್ಟಾದ ಬಳಿಕ ಬಂದ ನೋವು. ಜ್ವರ, ಕಾರಣವಿಲ್ಲದ ತೂಕನಷ್ಟ, ರಾತ್ರಿಯಿಡೀ ಬಿಡದ ನೋವು. ಗುಂಡಿ ಹಾಕಿಕೊಳ್ಳಲು, ತುತ್ತು ಕಲಸಲು ಬೆರಳು ತಡವರಿಸುವುದು. ನಡಿಗೆಯಲ್ಲಿ ಕಾಲು ತೊಡರುವುದು. ಮೂತ್ರದ ಹತೋಟಿ ತಪ್ಪುವುದು. ಹಠಾತ್ತಾಗಿ ಎಂದೂ ಕಾಣದಂಥ ತಲೆನೋವಿನೊಡನೆ ಮಾತು ತೊದಲುವುದು. ಮಿದುಳುಬಳ್ಳಿಗೋ ರಕ್ತನಾಳಕ್ಕೋ ಅಪಾಯವನ್ನು ಸೂಚಿಸುವ ಇವುಗಳಲ್ಲಿ ವಿಳಂಬ ಸಲ್ಲದು. ಉಳಿದವರಿಗೆ ಸ್ಕ್ಯಾನಿಗಿಂತಲೂ ಮುಂಚಿತವಾಗಿ ಬೇಕಾದುದು ಕೈಯಿಂದ ಮುಟ್ಟಿ, ಚಲಿಸಿ, ಬಲವನ್ನು ಅಳೆದು ನೋಡುವ ಪರೀಕ್ಷೆ.

ನಮ್ಮ ಕಡೆ ನೋವು ಬಂದ ಮೇಲೆ, ಕೊಯ್ಲಿನ ಮಧ್ಯದಲ್ಲಿ, ಕೂಲಿ ತಪ್ಪುವ ಸಂಕಟದೊಡನೆ ಚಿಕಿತ್ಸೆಗೆ ಹೊರಡುವುದೇ ರೂಢಿಯಾಗಿದೆ. ಆ ಹೊತ್ತಿನಲ್ಲಿ ವಿಶ್ರಾಂತಿಯೂ ದುರ್ಲಭ, ವ್ಯಾಯಾಮಕ್ಕೆ ತಾಳ್ಮೆಯೂ ದುರ್ಲಭ. ಸ್ನಾಯು ಬಲಗೊಳ್ಳುವುದಕ್ಕೆ ವಾರಗಳೇ ಬೇಕಾಗುವುದರಿಂದ, ಅಡಿಕೆ ತೋಟದಲ್ಲಿ ಕೊಯ್ಲಿನ ಒತ್ತಡ ಇನ್ನೂ ಹುಟ್ಟದ ಕಾಲದಲ್ಲಿಯೇ ಸಾಧನೆಗೆ ತೊಡಗುವುದು ವಿವೇಕ. ಕಾರಹುಣ್ಣಿಮೆಯಿಂದ ಗೌರಿಹಬ್ಬದವರೆಗೆ ಹತ್ತು ಹನ್ನೊಂದು ವಾರಗಳಿವೆ. ಡೆನ್ಮಾರ್ಕಿನ ಆ ನೌಕರರಿಗೆ ಸಾಕಾದ ಅವಧಿಯೂ ಅಷ್ಟೇ. ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಬಳಿಯುವ ದಿನವೇ ಒಡೆಯನೂ ಒಡತಿಯೂ ಆಳೂ ತಮ್ಮ ತಮ್ಮ ಕುತ್ತಿಗೆಯ ಸಾಧನೆಯನ್ನು ಆರಂಭಿಸಿದರೆ, ಹೊಳಲ್ಕೆರೆಯ ಗಣಪತಿಗೆ ಹಬ್ಬದ ಪೂಜೆ ಸಲ್ಲುವ ಹೊತ್ತಿಗೆ ದೋಟಿ ಎತ್ತುವುದಕ್ಕೂ ಮೆಟ್ಟುಗತ್ತಿಯ ಮುಂದೆ ಕೂರುವುದಕ್ಕೂ ಅವರ ಕುತ್ತಿಗೆ ಸಿದ್ಧವಾಗಿರುತ್ತದೆ.